ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪಿನ್‌ಬಾಲ್ ಅಂದರೆ ಇಳಿಜಾರಾದ ಹಲಗೆಯ ಮೇಲೆ ಉರುಳಿ ಬರುವ ಉಕ್ಕಿನ ಗುಂಡನ್ನು, ಬಟನ್ ಒತ್ತಿದರೆ ಮೇಲೇಳುವ ಫ್ಲಿಪ್ಪರ್ ಅನ್ನುವ ಪುಟ್ಟ ತೋಳುಗಳಿಂದ ಕೆಳಗೆ ಬೀಳದಂತೆ ಹೊಡೆಯುತ್ತಾ ಇರುವ ಆಟ. ಆ ಮಷೀನಿನ ಒಳಗೆ ನಾಕರ್ ಅಂತ ಒಂದು ಚಿಕ್ಕ ಭಾಗ ಇರುತ್ತದೆ. ತಾಮ್ರದ ತಂತಿಯ ಒಂದು ಸುರುಳಿ, ಅದರೊಳಗೆ ಒಂದು ಕಬ್ಬಿಣದ ಸರಳು, ಅಷ್ಟೇ. ನೀವು ಫ್ರೀ ಗೇಮ್ ಗೆದ್ದ ಕೂಡಲೇ ಸುರುಳಿಗೆ ಕರೆಂಟ್ ಹರಿದು ಆ ಸರಳು ಪೆಟ್ಟಿಗೆಯ ಗೋಡೆಗೆ ಬಂದು ಬಡಿಯುತ್ತದೆ. ಟಕ್! ಸ್ಪೀಕರಿನಿಂದ ಬಂದ ಸದ್ದಲ್ಲ ಅದು, ನಿಜವಾದ ಏಟು. ಹಾಲಿನ ಆ ತುದಿಯಲ್ಲಿ ನಿಂತವರಿಗೂ ಕೇಳಿಸುತ್ತದೆ.

ನಾನು ಈ ಸದ್ದನ್ನು ಮೊದಲು ಕೇಳಿದ್ದು ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿರುವ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂನಲ್ಲಿ. ಅಲ್ಲಿ ಬಾಗಿಲಲ್ಲಿ ಒಮ್ಮೆ ಟಿಕೆಟ್ ತೆಗೆದುಕೊಂಡರೆ ಮುಗಿಯಿತು. ಆಮೇಲೆ ಯಾವ ಮಷೀನೂ ನಿಮ್ಮ ಹತ್ತಿರ ನಾಣ್ಯ ಕೇಳುವುದಿಲ್ಲ. ಸ್ಟಾರ್ಟ್ ಬಟನ್ ಒತ್ತುವುದು, ಆಡುವುದು. ಬಾಲ್ ಮುಗಿಯಿತಾ, ಮತ್ತೆ ಒತ್ತುವುದು.

ಎಲ್ಲ ಆಟವೂ ಫ್ರೀ ಇರುವ ಜಾಗದಲ್ಲಿ ಒಂದು ಫ್ರೀ ಗೇಮ್ ಗೆದ್ದರೆ ಏನು ಸಿಕ್ಕ ಹಾಗಾಯಿತು? ಏನೂ ಇಲ್ಲ ಅಲ್ವಾ? ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಆ ಗೇಮೂ ಹಾಗೆಯೇ. ಆದರೂ ಟಕ್ ಅಂದ ಕೂಡಲೇ ನನ್ನ ಎದೆ ಒಮ್ಮೆ ಹಾರಿತು. ಪಕ್ಕದಲ್ಲಿ ಆಡುತ್ತಿದ್ದವರು ತಮ್ಮ ಬಾಲಿನಿಂದ ಕಣ್ಣು ಕೀಳದೆಯೇ 'ಭೇಷ್' ಅನ್ನುವ ಹಾಗೆ ತಲೆ ಆಡಿಸಿದರು. ಮೂರು ವರ್ಷದಿಂದ ನಾನು ಇಂಥ ಜಾಗಗಳನ್ನು ಹುಡುಕಿಕೊಂಡು ಹೋಗುತ್ತಿರುವುದು ಆ ಒಂದು ಸದ್ದಿನಿಂದ. ನಾಣ್ಯವನ್ನು ತೆಗೆದುಬಿಟ್ಟರೆ ಈ ಆಟಗಳಲ್ಲಿ ಏನು ಉಳಿಯುತ್ತದೆ ಅನ್ನುವುದು ನನಗೆ ನಿಜಕ್ಕೂ ತಿಳಿಯಬೇಕಿತ್ತು.

ಹಳೆಯ ಮಷೀನ್ ಇರುವ ಎಲ್ಲ ಕಡೆಯೂ ಹೀಗೆ ಇರುವುದಿಲ್ಲ. ಲಾಸ್ ವೇಗಸ್‌ನ ಪಿನ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಒಳಗೆ ಹೋಗಲು ಟಿಕೆಟ್ ಇಲ್ಲ, ಪ್ರತಿ ಆಟಕ್ಕೂ ದುಡ್ಡು ಹಾಕಬೇಕು. ನ್ಯೂ ಹ್ಯಾಂಪ್‌ಶೈರ್‌ನ ಫನ್‌ಸ್ಪಾಟ್ 1952ರಿಂದ ನಡೆಯುತ್ತಿದೆ, ಅಲ್ಲಿ ಹಳೆಯ ವಿಡಿಯೋ ಗೇಮ್‌ಗಳಿಗೇ ಅಂತ ಒಂದು ಮ್ಯೂಸಿಯಂ ಇದೆ, ಅಲ್ಲೂ ಟೋಕನ್ ಹಾಕಿಯೇ ಆಡಬೇಕು. ಇನ್ನೊಂದು ಕಡೆ ಅಲಮೀಡಾ, ಶಿಕಾಗೋ ಪಕ್ಕದ ಬ್ರೂಕ್‌ಫೀಲ್ಡ್‌ನ ಗ್ಯಾಲಪಿಂಗ್ ಘೋಸ್ಟ್ ಆರ್ಕೇಡ್, ಇಂಗ್ಲೆಂಡಿನ ಬರಿ ಅನ್ನುವ ಊರಿನ ಆರ್ಕೇಡ್ ಕ್ಲಬ್, ಬುಡಾಪೆಸ್ಟ್‌ನ ನೆಲಮಾಳಿಗೆಯಲ್ಲಿರುವ ಪಿನ್‌ಬಾಲ್ ಮ್ಯೂಸಿಯಂ. ಇಲ್ಲೆಲ್ಲ ಒಂದೇ ಟಿಕೆಟ್, ಆಮೇಲೆ ಕೈ ಸೋಲುವವರೆಗೆ ಆಟ. ಎರಡು ರೀತಿಯೂ ಒಳ್ಳೆಯದೇ. ಆದರೆ ಜೇಬಿನಲ್ಲಿ ನಾಣ್ಯ ಎಣಿಸುತ್ತಾ ಆಡುವವರ ಕೈ ಬೇರೆ, ಎಣಿಸದೆ ಆಡುವವರ ಕೈ ಬೇರೆ.

ಎಣಿಸದೆ ಆಡುವುದು ಮೊದಲ ದಿನ ಕಷ್ಟ. ಬಾಗಿಲು ದಾಟಿದ ಕೂಡಲೇ ದೀಪಗಳು, ಗಂಟೆಗಳು, ಬಣ್ಣದ ಗಾಜುಗಳು, ಎಲ್ಲವೂ ಒಟ್ಟಿಗೆ ಕರೆಯುತ್ತವೆ. ಇಲ್ಲಿ ಒಂದು ಬಾಲ್, ಅಲ್ಲಿ ಎರಡು ಬಾಲ್. ಮೊದಲ ಬಾಲ್ ಬೇಗ ಹೋಯಿತು ಅಂದರೆ ಸಾಕು, ಆ ಮಷೀನನ್ನೇ ಬಿಟ್ಟು ಮುಂದಿನದಕ್ಕೆ. ನಾನು ಅಲಮೀಡಾದಲ್ಲಿ ಮೊದಲ ಒಂದೂವರೆ ಗಂಟೆ ಹೀಗೆಯೇ ಕಳೆದೆ. ಸುಮಾರು ನಲವತ್ತು ಮಷೀನ್ ಮುಟ್ಟಿರಬೇಕು. ಹೊರಗೆ ಬಂದು ಬೆಂಚಿನ ಮೇಲೆ ಕೂತು ನೀರು ಕುಡಿಯುವಾಗ ಯೋಚಿಸಿದರೆ ಒಂದು ಮಷೀನಿನ ಹೆಸರೂ ನೆನಪಿಗೆ ಬರಲಿಲ್ಲ. ತುಂಬಾ ಬೇಜಾರಾಯಿತು. ಅಷ್ಟು ದೂರ ಬಂದು ಟಿವಿ ಚಾನೆಲ್ ಬದಲಾಯಿಸಿದ ಹಾಗೆ ಮಾಡಿದ್ದೆ.

ಇದು ನನ್ನೊಬ್ಬನ ಕಥೆ ಅಲ್ಲ. ಫ್ರೀ ಪ್ಲೇ ಇರುವ ಜಾಗದಲ್ಲಿ ಒಂದು ಮಷೀನಿನ ಹತ್ತಿರ ಹೋದರೆ ಎಷ್ಟೋ ಸಲ ಅಲ್ಲಿ ಅರ್ಧಕ್ಕೆ ಬಿಟ್ಟುಹೋದ ಆಟ ಇರುತ್ತದೆ. ಮಕ್ಕಳು ಸ್ಟಾರ್ಟ್ ಬಟನ್ನನ್ನು ಟಪಟಪ ಅಂತ ನಾಲ್ಕು ಸಲ ಒತ್ತುತ್ತಾರೆ, ಮಷೀನು ನಾಲ್ಕು ಜನ ಆಡುತ್ತಿದ್ದಾರೆ ಅಂತ ತಿಳಿಯುತ್ತದೆ, ಒಂದು ಬಾಲ್ ಹೋದ ಮೇಲೆ ಮಕ್ಕಳು ಓಡಿಹೋಗುತ್ತಾರೆ. ನೀವು ಬಂದು ನೋಡಿದರೆ ಮೂರನೇ ಆಟಗಾರನ ಎರಡನೇ ಬಾಲ್ ಕಾಯುತ್ತಾ ಕೂತಿರುತ್ತದೆ. ಹೊಸಬರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ: 90ರ ದಶಕದ ನಂತರದ ಬಹಳಷ್ಟು ಮಷೀನುಗಳಲ್ಲಿ ಮೊದಲ ಬಾಲ್ ದಾಟಿದ ಮೇಲೆ ಸ್ಟಾರ್ಟ್ ಬಟನ್ನನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿದರೆ ಹೊಸ ಆಟ ಶುರುವಾಗುತ್ತದೆ. ಒತ್ತುವ ಮೊದಲು ಮಾತ್ರ ಅಕ್ಕಪಕ್ಕ ನೋಡಿ, ಯಾರಾದರೂ ಸುಮ್ನೆ ಪಕ್ಕಕ್ಕೆ ಹೋಗಿದ್ದರೆ ಅದು ಅವರ ಆಟ.

ಆ ಬೆಂಚಿನಿಂದ ಎದ್ದ ಮೇಲೆ ನಾನು ನನಗೇ ಒಂದು ನಿಯಮ ಹಾಕಿಕೊಂಡೆ. ಶುರು ಮಾಡಿದ ಆಟವನ್ನು ಕೊನೆಯ ಬಾಲಿನವರೆಗೆ ಆಡಬೇಕು, ಎಷ್ಟೇ ಕೆಟ್ಟದಾಗಿ ಹೋಗುತ್ತಿದ್ದರೂ. ಒಂದು ಮಷೀನಿನಲ್ಲಿ ಕಡಿಮೆ ಅಂದರೆ ಮೂರು ಆಟ. ಇನ್ನೂ ಒಂದು: ಮೊದಲ ಆಟಕ್ಕೆ ಮುಂಚೆ, ಫ್ಲಿಪ್ಪರ್‌ಗಳ ಕೆಳಗೆ ಗಾಜಿನ ಒಳಗಿರುವ ಸಣ್ಣ ಕಾರ್ಡನ್ನು ಓದಬೇಕು. ಯಾವ ದಾರಿಗೆ ಹೊಡೆದರೆ ಏನಾಗುತ್ತದೆ ಅಂತ ನಾಲ್ಕೈದು ಸಾಲಿನಲ್ಲಿ ಬರೆದಿರುತ್ತಾರೆ, ಹತ್ತರಲ್ಲಿ ಒಂಬತ್ತು ಜನ ಅದನ್ನು ನೋಡುವುದೇ ಇಲ್ಲ.

ನಿಯಮ ಇಟ್ಟುಕೊಂಡ ಮೇಲೆ ನನಗೆ ಕಂಡ ಮೊದಲ ಸಂಗತಿ ಏನೆಂದರೆ, ಫ್ರೀ ಪ್ಲೇ ಎಲ್ಲ ಆಟಗಳಿಗೂ ಒಗ್ಗುವುದಿಲ್ಲ. ಕೆಲವು ಆಟಗಳನ್ನು ಅದು ಕೊಂದುಬಿಡುತ್ತದೆ.

ಕೋನಾಮಿ ಕಂಪನಿಯ 1992ರ ಎಕ್ಸ್-ಮೆನ್ ವಿಡಿಯೋ ಗೇಮ್ ಗೊತ್ತಿರಬಹುದು, ಎರಡು ಪರದೆ ಸೇರಿಸಿ ಆರು ಜನ ಸಾಲಾಗಿ ನಿಂತು ಆಡುವ ದೊಡ್ಡ ಕ್ಯಾಬಿನೆಟ್. ನಿಮ್ಮ ಪಾತ್ರ ಸತ್ತರೆ ಪರದೆಯ ಮೇಲೆ ಹತ್ತು, ಒಂಬತ್ತು, ಎಂಟು ಅಂತ ಎಣಿಕೆ ಶುರುವಾಗುತ್ತದೆ. ಅಷ್ಟರೊಳಗೆ ನಾಣ್ಯ ಹಾಕಿದರೆ ಸತ್ತ ಜಾಗದಲ್ಲೇ ಎದ್ದು ನಿಲ್ಲುತ್ತೀರಿ. ಆ ಎಣಿಕೆಯೇ ಆ ಆಟದ ಜೀವ. ಜೇಬು ತಡಕುವ ಕೈ, ಪಕ್ಕದವರ ಹತ್ತಿರ ಸಾಲ ಕೇಳುವುದು, ಇನ್ನೊಂದೇ ಒಂದು ಅನ್ನುವುದು, ಎಲ್ಲ ಅದರಿಂದ. ಫ್ರೀ ಪ್ಲೇಯಲ್ಲಿ ಸತ್ತರೆ ಬಟನ್ ಒತ್ತಿದರಾಯಿತು. ಒಮ್ಮೆ ನಾವು ಆರು ಜನ, ಒಬ್ಬರಿಗೊಬ್ಬರು ಗುರುತಿಲ್ಲದವರು, ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಆಡಿ ಮುಗಿಸಿದೆವು. ನಾನು ಎಷ್ಟು ಸಲ ಸತ್ತೆ ಅಂತ ಲೆಕ್ಕ ಇಟ್ಟವರಿಲ್ಲ. ಕೊನೆಯ ಖಳ ಬಿದ್ದಾಗ ಯಾರೂ ಕೂಗಲಿಲ್ಲ. ಕೈ ಝಾಡಿಸಿಕೊಂಡು ಆರು ದಿಕ್ಕಿಗೆ ನಡೆದೆವು.

ಪ್ಯಾಕ್-ಮ್ಯಾನ್‌ಗೆ ಇದು ತಟ್ಟುವುದೇ ಇಲ್ಲ. 1980ರಲ್ಲಿ ನಾಮ್ಕೊ ಕಂಪನಿಯ ತೋರು ಇವಾಟಾನಿ ಮಾಡಿದ, ದೆವ್ವಗಳಿಂದ ತಪ್ಪಿಸಿಕೊಂಡು ಚುಕ್ಕೆ ತಿನ್ನುತ್ತಾ ಹೋಗುವ ಆ ಆಟದಲ್ಲಿ ಸತ್ತ ಜಾಗದಿಂದ ಮುಂದುವರಿಸುವ ಸೌಲಭ್ಯವೇ ಇಲ್ಲ. ಕೊಟ್ಟ ಜೀವಗಳು ಮುಗಿದವು ಅಂದರೆ ಮತ್ತೆ ಮೊದಲ ಹಂತ, ಮತ್ತೆ ಅದೇ ಚೆರ್ರಿ ಹಣ್ಣು. ಕೋಟಿ ರೂಪಾಯಿ ಇದ್ದವನಿಗೂ ಅಷ್ಟೇ. ಆಟದ ಕೊನೆಯಲ್ಲಿ 256ನೇ ಹಂತದಲ್ಲಿ ಒಂದು ಗೋಡೆ ಇದೆ: ಹಂತ ಎಣಿಸುವ ಜಾಗದಲ್ಲಿ 8 ಬಿಟ್ ಮಾತ್ರ ಇರುವುದರಿಂದ, ಅಂದರೆ 255ರವರೆಗೆ ಮಾತ್ರ ಎಣಿಸಲು ಆಗುವುದರಿಂದ, ಲೆಕ್ಕ ತಪ್ಪಿ ಪರದೆಯ ಬಲ ಅರ್ಧ ಅಕ್ಷರಗಳ ಕಸದಿಂದ ತುಂಬಿಹೋಗುತ್ತದೆ, ಆ ಹಂತ ಮುಗಿಸಲು ಆಗುವುದಿಲ್ಲ. ಅಲ್ಲಿಯವರೆಗೆ ಒಂದೂ ಜೀವ ಕಳೆದುಕೊಳ್ಳದೆ, ಎಲ್ಲ ಚುಕ್ಕೆ, ಹಣ್ಣು, ದೆವ್ವ ತಿಂದರೆ 33,33,360 ಅಂಕ. ಅದಕ್ಕಿಂತ ಜಾಸ್ತಿ ಯಾರಿಗೂ ಸಾಧ್ಯವಿಲ್ಲ. ನಾನಿನ್ನೂ ಎಂಟನೇ ಹಂತದ ಸುತ್ತ ಇದ್ದೇನೆ. ಆದರೆ ಒಂದು ಮಧ್ಯಾಹ್ನ ಪೂರ್ತಿ ಮೊದಲ ಹಂತವನ್ನೇ ಮತ್ತೆ ಮತ್ತೆ ಆಡಿದಾಗ ಕೆಂಪು ದೆವ್ವ ನೇರ ನಿಮ್ಮ ಬೆನ್ನು ಹಿಡಿಯುತ್ತದೆ, ಗುಲಾಬಿ ಬಣ್ಣದ್ದು ನೀವು ಹೋಗುತ್ತಿರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿ ಇಡುತ್ತದೆ ಅನ್ನುವುದು ಓದಿ ತಿಳಿದ ವಿಷಯವಾಗಿ ಉಳಿಯದೆ ಕೈಗೆ ಬಂತು. ಗುಲಾಬಿ ದೆವ್ವ ಎದುರಿಗೆ ಬಂದಾಗ ಅದರ ಕಡೆಗೇ ತಿರುಗಿದರೆ ಕೆಲವು ಸಲ ಅದು ಪಕ್ಕಕ್ಕೆ ಸರಿಯುತ್ತದೆ. ಮೊದಲ ಸಲ ಹಾಗಾದಾಗ ಆದ ಖುಷಿ ಹೇಳಲಾರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮಿತಿಯಿಲ್ಲದ ಆಟ ಮುಂದೆ ಮುಂದೆ ಹೋಗುವುದಕ್ಕೆ ಕೆಲಸಕ್ಕೆ ಬರುವುದಿಲ್ಲ. ಮೊದಲಿನಿಂದ ಶುರು ಮಾಡುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಪಿನ್‌ಬಾಲ್ ಅಂತೂ ಪೂರ್ತಿ ಮೊದಲಿನಿಂದ ಶುರು ಮಾಡುವ ಆಟವೇ.

ಪಿನ್‌ಬಾಲ್ ಕಲಿತ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಮಷೀನು ಆ್ಯಡಮ್ಸ್ ಫ್ಯಾಮಿಲಿ, 1992ರದ್ದು. ಪ್ಯಾಟ್ ಲಾಲರ್ ಮತ್ತು ಲ್ಯಾರಿ ಡಿಮಾರ್ ಸೇರಿ ಮಾಡಿದ್ದು. 20,000ಕ್ಕೂ ಹೆಚ್ಚು ತಯಾರಾಗಿದ್ದವು, ಸಾಲಿಡ್ ಸ್ಟೇಟ್ ಕಾಲದಲ್ಲಿ, ಅಂದರೆ ಮಷೀನುಗಳು ಎಲೆಕ್ಟ್ರಾನಿಕ್ ಚಿಪ್‌ಗಳಿಂದ ನಡೆಯಲು ಶುರುವಾದ ಮೇಲೆ, ಅಷ್ಟು ಮಾರಾಟವಾದ ಪಿನ್‌ಬಾಲ್ ಬೇರೆ ಇಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದು ಒಂದು ಕೈ ಹೊರಬಂದು ಬಾಲನ್ನು ಎತ್ತಿಕೊಂಡು ಒಳಗೆ ಹೋಗುತ್ತದೆ. ಆಟದ ಹಲಗೆಯ ಕೆಳಗೆ ಮ್ಯಾಗ್ನೆಟ್‌ಗಳಿದ್ದು ಬಾಲಿನ ದಾರಿ ತಪ್ಪಿಸುತ್ತವೆ. ನಾನು ಎಲ್ಲ ಹೊಸಬರಂತೆ ಎರಡೂ ಫ್ಲಿಪ್ಪರ್‌ಗಳನ್ನು ಒಟ್ಟಿಗೆ ಬಡಿಯುತ್ತಿದ್ದೆ. ಬಾಲ್ ಹತ್ತಿರ ಬಂದರೆ ಬಡಿ, ದೂರ ಇದ್ದರೂ ಬಡಿ. ತಮ್ಮ ಸರದಿಗೆ ಕಾಯುತ್ತಿದ್ದ, ಅರವತ್ತು ದಾಟಿದ ಒಬ್ಬ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಒಂದು ಸಲ ಏನೂ ಮಾಡದೆ ಬಿಡಿ, ನೋಡೋಣ" ಅಂದರು.

ಏನೂ ಮಾಡದೆ ಬಿಡುವುದು! ಬಾಲ್ ಅಂದರೆ ಸುಮಾರು 80 ಗ್ರಾಂ ತೂಕದ, 27 ಮಿಲಿಮೀಟರ್ ಅಗಲದ ಉಕ್ಕಿನ ಗುಂಡು. ಆರೂವರೆ ಡಿಗ್ರಿಯಷ್ಟು ಇಳಿಜಾರಾದ ಹಲಗೆಯ ಮೇಲೆ ಅದು ಧಾವಿಸಿ ಬರುತ್ತಿರುವಾಗ ಕೈ ಕಟ್ಟಿ ನಿಲ್ಲುವುದು ಅಂದರೆ ಬೆರಳಿಗೆ ಹಿಂಸೆ. ಆದರೆ ಅವರು ಹೇಳಿದ್ದು ಸರಿಯಿತ್ತು. ಎತ್ತದೆ ಬಿಟ್ಟ ಫ್ಲಿಪ್ಪರ್‌ಗೆ ಬಾಲ್ ಬಿದ್ದರೆ ರಬ್ಬರಿನಿಂದ ಪುಟಿದು ಎದುರಿನ ಫ್ಲಿಪ್ಪರ್ ಕಡೆಗೆ ಹಾರುತ್ತದೆ. ಆ ಫ್ಲಿಪ್ಪರನ್ನು ಎತ್ತಿ ಹಿಡಿದರೆ ಬಾಲ್ ಅದರ ಬುಡದಲ್ಲಿ ಬಂದು ಕೂರುತ್ತದೆ. ಅಲ್ಲಿಗೆ ಆಟವೇ ನಿಂತಂತೆ. ಉಸಿರು ಬಿಡಬಹುದು, ಎಲ್ಲಿಗೆ ಹೊಡೆಯಬೇಕು ಅಂತ ನೋಡಬಹುದು, ಬೆವರು ಒರೆಸಿಕೊಳ್ಳಬಹುದು. ಇದಕ್ಕೆ ಡೆಡ್ ಬೌನ್ಸ್ ಅನ್ನುತ್ತಾರೆ.

ಕಲಿಯಲು ನನಗೆ ಇಪ್ಪತ್ತಕ್ಕೂ ಹೆಚ್ಚು ಬಾಲ್ ಹೋದವು. ಸುಮ್ನೆ ನಿಂತು, ಬಾಲ್ ನಡುವೆ ಬಿದ್ದು ಹೋಗುವುದನ್ನು ನೋಡುತ್ತಾ. ಪ್ರತಿ ಆಟಕ್ಕೆ ದುಡ್ಡು ಕೊಡುತ್ತಿದ್ದರೆ ನಾನು ಎರಡನೇ ಬಾಲಿಗೇ ಈ ಪಾಠ ಬಿಟ್ಟು ಮತ್ತೆ ಬಡಿಯಲು ಶುರು ಮಾಡುತ್ತಿದ್ದೆ. ದುಡ್ಡು ಕೊಟ್ಟ ಬಾಲನ್ನು ಬೇಕಂತಲೇ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಆ ಸಂಜೆ ಅವರೂ ನಾನೂ ಸರದಿಯ ಮೇಲೆ ಹನ್ನೊಂದು ಆಟ ಆಡಿದೆವು. ಅವರು ಒಂದು ಬಾಲನ್ನೂ ಅವಸರದಿಂದ ಹೊಡೆಯಲಿಲ್ಲ.

ಮಷೀನನ್ನು ಅಲುಗಾಡಿಸುವುದನ್ನು ಕಲಿತದ್ದೂ ಹೀಗೆಯೇ. ಪಿನ್‌ಬಾಲಿನಲ್ಲಿ ಅಲುಗಾಡಿಸುವುದು ಮೋಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಆಟದ ಒಂದು ಭಾಗ. ಮಿತಿ ಮಾತ್ರ ಇದೆ. ಪೆಟ್ಟಿಗೆಯ ಒಳಗೆ ಒಂದು ಲೋಹದ ಉಂಗುರದ ನಡುವೆ ಗಾರೆಯವರ ತೂಗುಗುಂಡಿನಂಥದ್ದು ನೇತಾಡುತ್ತಿರುತ್ತದೆ, ಜಾಸ್ತಿ ಅಲುಗಾಡಿಸಿದರೆ ಅದು ಉಂಗುರಕ್ಕೆ ತಾಗಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಟಿಲ್ಟ್. ದೀಪ ಆರಿ, ಫ್ಲಿಪ್ಪರ್ ಸತ್ತು, ಬಾಲ್ ನಿಮ್ಮ ಕಣ್ಣೆದುರೇ ಕೆಳಗೆ ಉರುಳಿಹೋಗುತ್ತದೆ. ಎಷ್ಟು ಅಲುಗಾಡಿಸಿದರೆ ಜಾಸ್ತಿ ಅನ್ನುವುದು ಪ್ರತಿ ಮಷೀನಿಗೂ ಬೇರೆ, ಒಂದೆರಡು ಸಲ ಟಿಲ್ಟ್ ಆಗದೆ ಗೊತ್ತಾಗುವುದಿಲ್ಲ.

ಬುಡಾಪೆಸ್ಟ್‌ನ ಮ್ಯೂಸಿಯಂಗೆ ಹೋದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಅದು 2014ರಲ್ಲಿ ಶುರುವಾದದ್ದು, ನೆಲದ ಕೆಳಗೆ ನೂರಕ್ಕೂ ಹೆಚ್ಚು ಮಷೀನ್. ಅಲ್ಲಿ ಗಾಟ್ಲೀಬ್ ಕಂಪನಿಯ 1947ರ ಹಂಪ್ಟಿ ಡಂಪ್ಟಿ ಇದೆ, ಫ್ಲಿಪ್ಪರ್ ಇದ್ದ ಮೊದಲ ಪಿನ್‌ಬಾಲ್. ಒಂದು ಕಡೆ ಮೂರರಂತೆ ಆರು ಫ್ಲಿಪ್ಪರ್, ಅವೂ ಈಗಿನ ಹಾಗೆ ಕೆಳಗಿಲ್ಲ, ಎರಡೂ ಅಂಚಿನಲ್ಲಿ ಮೇಲಿಂದ ಕೆಳಗೆ, ಹೊರಮುಖವಾಗಿ. ಅದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಸ್ಪ್ರಿಂಗ್ ಎಳೆದು ಬಾಲ್ ಹಾರಿಸುವ ಪ್ಲಂಜರ್‌ಗೆ ಮಾಂಟೇಗ್ ರೆಡ್‌ಗ್ರೇವ್ ಪೇಟೆಂಟ್ ಪಡೆದದ್ದು 1871ರಲ್ಲಿ. ಗಾಟ್ಲೀಬ್‌ನ ಬ್ಯಾಫಲ್ ಬಾಲ್ ಮನೆಮಾತಾದದ್ದು 1931ರಲ್ಲಿ. ಫ್ಲಿಪ್ಪರ್ ಬರುವವರೆಗೂ ಆಟಗಾರರಿಗೆ ಇದ್ದದ್ದು ಪ್ಲಂಜರ್ ಮತ್ತು ತಮ್ಮ ಎರಡು ಅಂಗೈ, ಅಷ್ಟೇ. ಮಷೀನನ್ನು ಮೆಲ್ಲಗೆ ತಳ್ಳಿ ತಳ್ಳಿಯೇ ಬಾಲನ್ನು ದಾರಿಗೆ ತರಬೇಕಿತ್ತು.

ಹಾಗಾಗಿಯೇ ಇದು ಆಟವೋ ಜೂಜೋ ಅನ್ನುವ ಜಗಳ ಹುಟ್ಟಿದ್ದು. 1942ರಲ್ಲಿ ನ್ಯೂಯಾರ್ಕ್ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಇದನ್ನು ನಿಷೇಧಿಸಿ, ಪೊಲೀಸರಿಂದ ಸಾವಿರಾರು ಮಷೀನ್ ಹಿಡಿಸಿ, ಸುತ್ತಿಗೆಯಿಂದ ಒಡೆಸಿದರು. ನಿಷೇಧ ಹೋದದ್ದು 1976ರಲ್ಲಿ. ರೋಜರ್ ಶಾರ್ಪ್ ಅನ್ನುವ ಬರಹಗಾರ ನಗರಸಭೆಯವರ ಮುಂದೆ ಮಷೀನ್ ಇಟ್ಟು, ಬಾಲ್ ಯಾವ ಸಂದಿಯಲ್ಲಿ ಇಳಿಯುತ್ತದೆ ಅಂತ ಮೊದಲೇ ಬೆರಳು ತೋರಿಸಿ, ಪ್ಲಂಜರ್ ಎಳೆದು ಬಿಟ್ಟರು. ಬಾಲ್ ಅಲ್ಲೇ ಇಳಿಯಿತು. ಮೂವತ್ತನಾಲ್ಕು ವರ್ಷದ ನಿಷೇಧ ತೆಗೆಯಲು ಒಂದೇ ಒಂದು ಬಾಲ್! ಆ ಮನುಷ್ಯನ ಕೈ ಆಗ ಎಷ್ಟು ನಡುಗುತ್ತಿತ್ತೋ ಅಂತ ನಾನು ಪ್ಲಂಜರ್ ಎಳೆಯುವಾಗಲೆಲ್ಲ ಯೋಚಿಸುತ್ತೇನೆ. ಅದು ಅವರು ಮತ್ತೆ ಶುರು ಮಾಡಲು ಆಗದ ಆಟ.

ಅಲಮೀಡಾದ ಮ್ಯೂಸಿಯಂನವರು ಮಾಡಿದ ಒಂದು ಮಷೀನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗಾಟ್ಲೀಬ್‌ನ 1976ರ ಸರ್ಫ್ ಚಾಂಪ್ ಅನ್ನುವ ಪಿನ್‌ಬಾಲನ್ನು ಪೂರ್ತಿ ಪಾರದರ್ಶಕವಾಗಿ ಕಟ್ಟಿದ್ದಾರೆ. ಮರ ಇದ್ದ ಕಡೆಯೆಲ್ಲ ಗಾಜಿನಂಥ ಪ್ಲಾಸ್ಟಿಕ್. ಒಳಗಿನ ಕರುಳೆಲ್ಲ ಕಾಣುತ್ತದೆ: ಮೈಲುಗಟ್ಟಲೆ ವೈರ್ ಅನ್ನಿಸುವಷ್ಟು ತಂತಿ, ಕರೆಂಟಿನಿಂದಲೇ ತೆರೆದು ಮುಚ್ಚುವ ರಿಲೇ ಅನ್ನುವ ಸ್ವಿಚ್‌ಗಳು, ನಿಧಾನವಾಗಿ ತಿರುಗುವ ಒಂದು ಮೋಟಾರ್. ಕಂಪ್ಯೂಟರ್ ಚಿಪ್ ಒಂದೂ ಇಲ್ಲ. ಬಾಲನ್ನು ಪುಟಿಸುವ ಬಂಪರ್‌ಗೆ ಬಾಲ್ ತಾಗಿದಾಗ ಒಂದು ಸ್ವಿಚ್ ಮುಚ್ಚಿ, ಅದು ಇನ್ನೊಂದು ರಿಲೇಯನ್ನು ಎಳೆದು, ಅದು ಅಂಕದ ಚಕ್ರವನ್ನು ಒಂದು ಹಲ್ಲು ತಿರುಗಿಸಿ, ಅದೇ ಹೊತ್ತಿಗೆ ಗಂಟೆ ಬಾರಿಸುವುದು, ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಫ್ಲಿಪ್ಪರ್ ಒಳಗೆ ಒಂದರ ಮೇಲೊಂದು ಎರಡು ಸುರುಳಿ ಇರುತ್ತವೆ. ಮೊದಲನೆಯದು ಬಲವಾಗಿ ಎಳೆಯಲು, ಎರಡನೆಯದು ಎತ್ತಿದ್ದನ್ನು ಸುಡದೆ ಹಿಡಿದಿಡಲು. ಫ್ಲಿಪ್ಪರ್ ಪೂರ್ತಿ ಮೇಲೆ ಬಂದಾಗ ಒಂದು ಚಿಕ್ಕ ಸ್ವಿಚ್ ತೆರೆದುಕೊಂಡು ಬಲವಾದ ಸುರುಳಿಯ ಕೆಲಸ ನಿಲ್ಲಿಸುತ್ತದೆ. ಬಾಲನ್ನು ತೊಟ್ಟಿಲಲ್ಲಿ ಇಟ್ಟ ಹಾಗೆ ಫ್ಲಿಪ್ಪರ್ ಮೇಲೆ ಹಿಡಿದು ನಿಂತಾಗ ಒಳಗೆ ನಡೆಯುತ್ತಿರುವುದು ಇದು. ಇದನ್ನು ತಿಳಿದ ಮೇಲೆ ನನಗೆ ಫ್ಲಿಪ್ಪರ್ ಬಟನ್ ಒತ್ತುವ ರೀತಿಯೇ ಬದಲಾಯಿತು. ಸುಮ್ಮಸುಮ್ಮನೆ ಬಡಿಯಲು ಮನಸ್ಸು ಬರುವುದಿಲ್ಲ.

ವಿಡಿಯೋ ಗೇಮ್ ಕಡೆಗೆ ಬಂದರೆ ಗ್ಯಾಲಪಿಂಗ್ ಘೋಸ್ಟ್. 2010ರಲ್ಲಿ ತೆರೆದದ್ದು, ಈಗ ಸಾವಿರಕ್ಕೂ ಹೆಚ್ಚು ಆಟಗಳಿವೆ. ಸಾಲು ಸಾಲಾಗಿ ಕ್ಯಾಬಿನೆಟ್, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಬಿಡುಗಡೆಯೇ ಆಗದ ಪ್ರೈಮಲ್ ರೇಜ್ 2 ಅನ್ನುವ ಆಟವೂ ಅಲ್ಲಿ ಆಡಲು ಸಿಗುತ್ತದೆ, ಅದಕ್ಕೆಂದೇ ಬಂದವರನ್ನು ನೋಡಿದ್ದೇನೆ. ನಾನು ಹೋದದ್ದು ವೆಕ್ಟರ್ ಆಟಗಳಿಗೆ, ಅಂದರೆ ಪರದೆಯ ಮೇಲೆ ಗೆರೆಗಳಿಂದಲೇ ಚಿತ್ರ ಬರೆಯುವ ಆಟಗಳಿಗೆ.

ಮನೆಯಲ್ಲಿ ಫೋನಿನಲ್ಲೇ ಹಳೆಯ ಆಟ ಎಲ್ಲ ಸಿಗುವಾಗ ಅಷ್ಟು ದೂರ ಯಾಕೆ ಹೋಗಬೇಕು ಅಂತ ಕೇಳುವವರಿಗೆ ನನ್ನ ಉತ್ತರ 1979ರ ಆಸ್ಟರಾಯ್ಡ್ಸ್. ಅದರ ಪರದೆಯಲ್ಲಿ ಚುಕ್ಕೆಗಳ ಜಾಲ ಇಲ್ಲ. ಎಲೆಕ್ಟ್ರಾನ್ ಕಿರಣವೇ ಪೆನ್ನಿನ ಹಾಗೆ ಓಡಾಡಿ ಗೆರೆ ಎಳೆಯುತ್ತದೆ. ನೀವು ಹಾರಿಸಿದ ಗುಂಡು ಒಂದು ಬಿಳಿ ಕಿಡಿ, ಕತ್ತಲಲ್ಲಿ ಕಣ್ಣಿಗೆ ಚುಚ್ಚುವಷ್ಟು ಪ್ರಕಾಶ, ಹೋದ ಮೇಲೂ ಒಂದು ಗಳಿಗೆ ಅದರ ಬಾಲ ಉಳಿಯುತ್ತದೆ. ಯಾವ ಫೋನಿನಲ್ಲೂ ನಾನು ಅದನ್ನು ನೋಡಿಲ್ಲ. 1981ರ ಟೆಂಪೆಸ್ಟ್‌ನಲ್ಲಿ ಜಾಯ್‌ಸ್ಟಿಕ್ ಇಲ್ಲ, ತಿರುಗಿಸುವ ಒಂದು ಗುಬುಟು ಇದೆ. ಬೆರಳಿನಿಂದ ಜೋರಾಗಿ ತಿರುಗಿಸಿ ಬಿಟ್ಟರೆ ತಾನೇ ಸ್ವಲ್ಪ ಹೊತ್ತು ತಿರುಗುತ್ತದೆ. ಆ ಭಾರ ಕೈಗೆ ಸಿಕ್ಕಿದರೇ ಆಟ ಅರ್ಥವಾಗುವುದು. 1980ರ ಮಿಸೈಲ್ ಕಮಾಂಡ್‌ನಲ್ಲಿ ಕೈಯಿಂದ ಉರುಳಿಸಿ ಗುರಿ ಇಡುವ ಟ್ರ್ಯಾಕ್‌ಬಾಲ್ ಅಂಗೈ ತುಂಬುವಷ್ಟು ದೊಡ್ಡದು.

ಅಲ್ಲೇ ನನಗೆ ನಾಕರ್ ಮತ್ತೆ ಸಿಕ್ಕಿತು, ನಿರೀಕ್ಷಿಸದ ಜಾಗದಲ್ಲಿ. 1982ರ ಕ್ಯೂಬರ್ಟ್ ಆಡುತ್ತಿದ್ದೆ. ಮೆಟ್ಟಿಲುಗಳ ಗುಡ್ಡದಿಂದ ಕ್ಯೂಬರ್ಟ್ ಜಾರಿ ಬಿದ್ದ. ಕ್ಯಾಬಿನೆಟ್ ಒಳಗಿಂದ ಢಬ್ ಅಂತ ಏಟು, ಮೊಣಕಾಲಿಗೆ ತಾಗಿದ ಹಾಗೆ! ಕ್ಯೂಬರ್ಟ್ ಮಾಡಿದ್ದು ಪಿನ್‌ಬಾಲಿನ ಗಾಟ್ಲೀಬ್ ಕಂಪನಿಯೇ. ಅವರು ವಿಡಿಯೋ ಗೇಮ್ ಒಳಗೂ ತಮ್ಮ ಪಿನ್‌ಬಾಲಿನ ನಾಕರ್ ಇಟ್ಟಿದ್ದಾರೆ, ಬಿದ್ದಾಗ ನೆಲಕ್ಕೆ ಅಪ್ಪಳಿಸಿದ ಸದ್ದು ಬರಲಿ ಅಂತ. ಅಲಮೀಡಾದಲ್ಲಿ ಗೆದ್ದವರಿಗೆ ಬಡಿದದ್ದು ಇಲ್ಲಿ ಬಿದ್ದವರಿಗೆ ಬಡಿಯುತ್ತದೆ. ಆ ಸದ್ದು ಕೇಳಲೆಂದೇ ನಾನು ಐದಾರು ಸಲ ಬೇಕಂತ ಬಿದ್ದೆ. ನಾಣ್ಯ ಹಾಕುತ್ತಿದ್ದರೆ ಇದನ್ನೂ ಮಾಡುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನೋವಿನ ಸಂಗತಿಯನ್ನೂ ಹೇಳಬೇಕು. ಹೋದ ವರ್ಷ ಒಂದು ಜಾಗಕ್ಕೆ ಹೋದೆ, ಹೆಸರು ಬೇಡ. ಅಲ್ಲಿ ಮೂರರಲ್ಲಿ ಒಂದು ಮಷೀನಿನ ಮೇಲೆ 'ಕೆಟ್ಟಿದೆ' ಅನ್ನುವ ಚೀಟಿ. ನಡೆಯುತ್ತಿದ್ದವುಗಳಲ್ಲೂ ಫ್ಲಿಪ್ಪರ್‌ಗೆ ಬಲವಿಲ್ಲ, ಬಾಲ್ ಅರ್ಧ ದಾರಿ ಹತ್ತಿ ವಾಪಸ್ ಬರುತ್ತಿತ್ತು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಮಿತಿಯಿಲ್ಲದ ಆಟ ಅಂದರೆ ಮಷೀನಿಗೆ ಬಿಡುವಿಲ್ಲದ ಕೆಲಸ. ಅದು ದಿನವಿಡೀ ಬಡಿಸಿಕೊಳ್ಳುತ್ತದೆ. ರಬ್ಬರ್ ಸೀಳುತ್ತದೆ, ಸುರುಳಿಯ ಒಳಗಿನ ಕೊಳವೆ ಸವೆಯುತ್ತದೆ, ಸ್ವಿಚ್‌ನ ತುದಿಗಳು ಸುಟ್ಟು ಕಪ್ಪಾಗುತ್ತವೆ, ಸವೆದ ಪುಡಿ ಬಾಲಿನ ಜೊತೆ ಉರುಳಿ ಹಲಗೆಯ ಬಣ್ಣವನ್ನೇ ಉಜ್ಜಿ ತೆಗೆಯುತ್ತದೆ. ಹಳೆಯ ಪಿಕ್ಚರ್ ಟ್ಯೂಬ್‌ಗಳನ್ನು ಈಗ ತಯಾರಿಸುವವರಿಲ್ಲ, ಸತ್ತ ಮಷೀನಿನದ್ದನ್ನು ತೆಗೆದು ಬದುಕಿರುವುದಕ್ಕೆ ಹಾಕಬೇಕು. ಮ್ಯೂಸಿಯಂ ಅಂದರೆ ಮುಟ್ಟಬೇಡಿ ಅನ್ನುವ ಜಾಗ, ಇವರು ಮುಟ್ಟಿ, ಬಡಿಯಿರಿ ಅನ್ನುತ್ತಾರೆ. ಅದರ ಬೆಲೆಯನ್ನು ರಾತ್ರಿ ಬಾಗಿಲು ಹಾಕಿದ ಮೇಲೆ ಬೆಸುಗೆ ಕಡ್ಡಿ ಹಿಡಿದು ಕೂರುವವರು ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಷೀನ್ ಇದ್ದ ಪಿನ್‌ಬಾಲ್ ಮ್ಯೂಸಿಯಂ ಇತ್ತು, 2021ರಲ್ಲಿ ಅದು ಮುಚ್ಚಿ ಎಲ್ಲವೂ ಹರಾಜಾದವು. ನಾನು ಅಲ್ಲಿಗೆ ಹೋಗಬೇಕು ಅಂತ ಅಂದುಕೊಂಡೇ ಉಳಿದೆ.

ಹಾಗಾಗಿ ಹೋಗುವವರು ದಯವಿಟ್ಟು ಕೆಲವು ವಿಷಯ ನೆನಪಿಡಿ. ಗಾಜಿನ ಮೇಲೆ ಲೋಟ ಇಡಬೇಡಿ, ಒಂದು ಸಲ ಚೆಲ್ಲಿದರೆ ಒಳಗಿನ ಹಲಗೆಯ ಗತಿ ಮುಗಿಯಿತು. ಬಾಲ್ ಎಲ್ಲಾದರೂ ಸಿಕ್ಕಿಕೊಂಡರೆ ಮಷೀನನ್ನು ಎತ್ತಿ ಕುಕ್ಕಬೇಡಿ, ಅಲ್ಲಿರುವವರನ್ನು ಕರೆಯಿರಿ. ಕರೆದರೆ ಅವರಿಗೆ ಬೇಜಾರಿಲ್ಲ, ಗಾಜು ತೆಗೆದು ಬಾಲ್ ಬಿಡಿಸುವಾಗ ಪಕ್ಕದಲ್ಲಿ ನಿಂತರೆ ಎಷ್ಟೋ ಕಥೆ ಹೇಳುತ್ತಾರೆ. ಹಿಂದೆ ಯಾರಾದರೂ ಕಾಯುತ್ತಿದ್ದರೆ ಒಂದು ಆಟ ಮುಗಿಸಿ ಬಿಟ್ಟುಕೊಡಿ, ಇಲ್ಲಾಂದರೆ ಜೊತೆಗೆ ಆಡಲು ಕರೆಯಿರಿ. ರಜೆ ಇಲ್ಲದ ದಿನ, ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದು ಒಳ್ಳೆಯದು, ಆಗ ಹಳೆಯ ಮಷೀನುಗಳ ಗಂಟೆ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮಣಿಕಟ್ಟಿಗೆ ಗಂಟೆಗೊಮ್ಮೆ ಬಿಡುವು ಕೊಡಿ. ನಾನು ಕೊಡದೆ ಎರಡು ದಿನ ಪೆನ್ ಹಿಡಿಯಲಾಗದೆ ಒದ್ದಾಡಿದ್ದೇನೆ.

ಅಲಮೀಡಾಗೆ ಕಳೆದ ಸಲ ಹೋದಾಗ ಕೊನೆಯ ಒಂದು ಗಂಟೆಯನ್ನು 60ರ ದಶಕದ ಒಂದೇ ಮಷೀನಿಗೆ ಇಟ್ಟಿದ್ದೆ. ಒಬ್ಬರೇ ಆಡುವಂಥದ್ದು, ಎರಡು ಇಂಚಿನ ಪುಟ್ಟ ಫ್ಲಿಪ್ಪರ್, ಅಂಕಕ್ಕೆ ತಿರುಗುವ ಚಕ್ರ, ಐದು ಬಾಲ್. ಆರನೇ ಆಟದ ಕೊನೆಯ ಬಾಲ್ ನಡೆಯುತ್ತಿರುವಾಗ ಮುಚ್ಚುವ ಹೊತ್ತಾಯಿತು ಅಂತ ಕೂಗಿದರು. ಆ ತುದಿಯಿಂದ ಒಂದೊಂದೇ ಮಷೀನಿನ ದೀಪ ಆರುತ್ತಾ ಬಂತು. ಆರಿಸುತ್ತಿದ್ದ ಹುಡುಗ ನನ್ನ ಹತ್ತಿರ ಬಂದು, ಸ್ವಿಚ್ ಮೇಲೆ ಕೈ ಇಡದೆ, ಬಾಲ್ ನೋಡುತ್ತಾ ನಿಂತ. ಎಡ ಫ್ಲಿಪ್ಪರ್ ಎತ್ತದೆ ಬಿಟ್ಟೆ, ಬಾಲ್ ಪುಟಿದು ಬಲಕ್ಕೆ ಬಂತು, ಹಿಡಿದೆ. ಹೊಡೆದೆ. ಮೇಲಿನ ಗುರಿಗೆ ತಾಗಿತು, ಚಕ್ರ ತಿರುಗಿತು, ಟಕ್! ಹುಡುಗ ನಕ್ಕು, "ಇನ್ನೊಂದು ಗೇಮ್ ಗೆದ್ದಿರಿ, ನಾಳೆ ಬಂದು ಆಡಿ" ಅಂದ.

ಬಾಲ್ ಹೋಯಿತು, ಅವನು ಸ್ವಿಚ್ ಆರಿಸಿದ. ದೀಪ ಹೋದರೂ ಆ ಕಾಲದ ಮಷೀನಿನಲ್ಲಿ ಅಂಕದ ಚಕ್ರಗಳು ನಿಂತ ಜಾಗದಲ್ಲೇ ನಿಂತಿರುತ್ತವೆ, ಅವುಗಳಿಗೆ ಕರೆಂಟಿನ ಹಂಗಿಲ್ಲ. ಕತ್ತಲಲ್ಲಿ ಬಗ್ಗಿ ನನ್ನ ಅಂಕಿ ಒಮ್ಮೆ ಓದಿಕೊಂಡೆ. ಬೆಳಗ್ಗೆ ಯಾರಾದರೂ ಬಂದು ಸ್ಟಾರ್ಟ್ ಒತ್ತುವವರೆಗೆ ಅದು ಹಾಗೆಯೇ ಇರುತ್ತದೆ, ಆಮೇಲೆ ಚಕ್ರಗಳು ಕಟಕಟ ಅನ್ನುತ್ತಾ ಒಂದೊಂದಾಗಿ ಸೊನ್ನೆಗೆ ತಿರುಗುತ್ತವೆ.